ಇಳಿಯುತ್ತಿದ್ದ ತೂಕ ನಿಂತುಹೋದಾಗ



ತೂಕ ಇಳಿಸಬೇಕೆಂದು ವೈದ್ಯರು ಹೇಳಿದ ಮೇಲೆ ಮೊದಲ ಎರಡು ಮೂರು ತಿಂಗಳು ಎಲ್ಲವೂ ಚೆನ್ನಾಗಿಯೇ ನಡೆಯುತ್ತದೆ. ಎರಡು ಮುದ್ದೆ ಉಣ್ಣುತ್ತಿದ್ದವರು ಒಂದಕ್ಕೆ ಇಳಿಯುತ್ತಾರೆ, ಟೀಗೆ ಸಕ್ಕರೆ ತಪ್ಪುತ್ತದೆ, ಬೆಳಗಿನ ನಡಿಗೆ ಶುರುವಾಗುತ್ತದೆ. ಐದು ಕಿಲೋ, ಏಳು ಕಿಲೋ ಇಳಿಯುತ್ತದೆ. ಅಕ್ಕಪಕ್ಕದವರು ನೋಡಿ ಮೆಚ್ಚುತ್ತಾರೆ. ಆಮೇಲೆ ತಕ್ಕಡಿಯ ಮುಳ್ಳು ನಿಂತಲ್ಲೇ ನಿಂತುಬಿಡುತ್ತದೆ. ಅದೇ ಊಟ, ಅದೇ ನಡಿಗೆ, ಆದರೂ ತಿಂಗಳು ಕಳೆದರೂ ಅರ್ಧ ಕಿಲೋ ಇಳಿಯದು. ಆಗ ನಮ್ಮ ಬಳಿ ಬಂದು, “ಸ್ವಾಮಿ, ನನ್ನ ಮೈಯೇ ಇಷ್ಟು, ಇನ್ನು ಬಿಟ್ಟುಬಿಡ್ತೀನಿ” ಎನ್ನುವವರು ಕೆಲವರು. “ಇನ್ನು ರಾತ್ರಿ ಊಟವನ್ನೇ ಬಿಡ್ತೀನಿ” ಎನ್ನುವವರು ಇನ್ನು ಕೆಲವರು. ಮೊದಲನೆಯವರು ಕಷ್ಟಪಟ್ಟು ಇಳಿಸಿದ್ದನ್ನು ವರ್ಷದೊಳಗೆ ಮತ್ತೆ ಏರಿಸಿಕೊಳ್ಳುತ್ತಾರೆ. ಎರಡನೆಯವರದು ಅದಕ್ಕಿಂತ ಅಪಾಯದ ದಾರಿ, ಏಕೆಂದರೆ ಅವರು ಕೊಬ್ಬಿನ ಜೊತೆಗೆ ಕೈಕಾಲಿನ ಬಲವನ್ನೂ ಕಳೆದುಕೊಳ್ಳುತ್ತಾರೆ. ಈ ನಿಲುಗಡೆ ಏಕೆ ಬರುತ್ತದೆ, ಬಂದಾಗ ಏನು ಮಾಡಬೇಕು ಎಂಬುದೇ ಈ ಸಲದ ಪಾಠ.

ಉತ್ತು ಬಿತ್ತುವವರ ಮನೆಗೆ ಬೊಜ್ಜಿನ ಪಾಠವೇಕೆ ಎಂದು ಹಿರಿಯರು ಕೇಳಬಹುದು. ಅವರ ಕಾಲದಲ್ಲಿ ಕಪಿಲೆಯಲ್ಲಿ ನೀರು ಎತ್ತುತ್ತಿದ್ದರು, ಬೀಸುವ ಕಲ್ಲಿನಲ್ಲಿ ರಾಗಿ ಬೀಸುತ್ತಿದ್ದರು, ರಾಯಕೋಟೆಗೋ ದೇಂಕಣಿಕೋಟೆಗೋ ನಡೆದೇ ಹೋಗಿಬರುತ್ತಿದ್ದರು. ಈಗ ನೀರಿಗೆ ಬೋರ್‌ವೆಲ್ ಸ್ವಿಚ್ಚು, ಉಳುಮೆಗೆ ಟ್ರ್ಯಾಕ್ಟರು, ಹಾಲು ಹಾಕಿ ಬರಲು ಮೋಟಾರ್ ಸೈಕಲ್ಲು. 2011ರಿಂದ ಮುಂದೆ ತಮಿಳುನಾಡು ಸರ್ಕಾರ ಮನೆಗಳಿಗೆ ಮಿಕ್ಸಿ, ಗ್ರೈಂಡರು, ಫ್ಯಾನು ಹಂಚಿತು. ಅದೇ ವರ್ಷ ರೇಷನ್ ಅಕ್ಕಿಯೂ ಉಚಿತವಾಯಿತು. ಹೆಂಗಸರ ಬೆನ್ನು ಉಳಿಯಿತು, ಬಡವರ ಹೊಟ್ಟೆ ತುಂಬಿತು. ಇದನ್ನು ಹಳಿಯುವ ಕಾರಣವಿಲ್ಲ. ಆದರೆ ದುಡಿಮೆ ಇಳಿದಷ್ಟು ಊಟ ಇಳಿಯಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 40 ಮಂದಿ ಮಿತಿಮೀರಿದ ತೂಕದವರು. ಗಂಡಸರೂ ಹೆಚ್ಚು ಹಿಂದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು ಮನೆ ಬಾಗಿಲಿಗೇ ತಂದುಕೊಡುವ ಯೋಜನೆಯನ್ನು ಸರ್ಕಾರ 2021ರ ಆಗಸ್ಟ್ 5ರಂದು ಉದ್ಘಾಟಿಸಿದ್ದು ಚೆನ್ನೈಯಲ್ಲಲ್ಲ. ನಮ್ಮದೇ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿ ಎಂಬ ಹಳ್ಳಿಯಲ್ಲಿ. ಕಾಯಿಲೆ ಹಳ್ಳಿಗೆ ಬಂದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕೊಟ್ಟಿಗೆಯಲ್ಲಿ ಕಲಿಯುವ ಲೆಕ್ಕ

ಹಸು ಸಾಕಿದವರಿಗೆ ಈ ವಿಷಯ ಅರ್ಥ ಮಾಡಿಸುವುದು ಸುಲಭ. ಹಸುವಿಗೆ ಮೇವನ್ನು ಅದರ ತೂಕ ನೋಡಿ ಲೆಕ್ಕ ಹಾಕುತ್ತಾರೆ: ನೂರು ಕಿಲೋ ತೂಕಕ್ಕೆ ದಿನಕ್ಕೆ ಎರಡೂವರೆಯಿಂದ ಮೂರು ಕಿಲೋ ಒಣ ಪದಾರ್ಥ. 400 ಕಿಲೋ ಹಸುವಿಗೆ ಹತ್ತು ಹನ್ನೆರಡು ಕಿಲೋ ಬೇಕಾದರೆ, 320 ಕಿಲೋ ಹಸುವಿಗೆ ಎಂಟು ಒಂಬತ್ತು ಕಿಲೋ ಸಾಕು. ಮೈ ಚಿಕ್ಕದಾದರೆ ಅದನ್ನು ನಡೆಸುವ ಖರ್ಚೂ ಚಿಕ್ಕದು. ಇದು ಮೊದಲನೆಯ ಮಾತು. ಎರಡನೆಯದು, ಮೇವು ದಿಢೀರನೆ ಕಡಿಮೆ ಮಾಡಿದರೆ ಹಸು ಏನು ಮಾಡುತ್ತದೆ? ಮೊದಲು ಹಾಲು ಇಳಿಸುತ್ತದೆ, ಹೆಚ್ಚು ಓಡಾಡದೆ ಮಲಗಿಕೊಳ್ಳುತ್ತದೆ. ಬರುವ ಮೇವಿನಲ್ಲೇ ಬದುಕಲು ಖರ್ಚನ್ನು ತಾನೇ ಕತ್ತರಿಸುತ್ತದೆ. ಬೇಸಿಗೆಯಲ್ಲಿ ಎತ್ತಿಗೆ ಬರೀ ಒಣಹುಲ್ಲು ಹಾಕಿ, ಮುಂಗಾರಿಗೆ ನೇಗಿಲು ಕಟ್ಟಿದರೆ ಅದು ನಾಲ್ಕು ಸಾಲಿಗೇ ನಿಂತುಬಿಡುವುದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಎತ್ತಿನ ತೂಕ ಇಳಿದಿತ್ತು ನಿಜ; ಆದರೆ ಇಳಿದದ್ದರಲ್ಲಿ ಎಳೆಯುವ ಮಾಂಸಖಂಡವೂ ಸೇರಿತ್ತು.

ಮನುಷ್ಯನ ಮೈಯೂ ಇದೇ ಲೆಕ್ಕದಲ್ಲಿ ನಡೆಯುತ್ತದೆ. ನಲವತ್ತೈದು ವರ್ಷದ, ಐದು ಅಡಿ ಎತ್ತರದ, 74 ಕಿಲೋ ತೂಕದ ಒಬ್ಬ ತಾಯಿಯನ್ನು ಊಹಿಸಿಕೊಳ್ಳೋಣ. ಮನೆಗೆಲಸ, ಸ್ವಲ್ಪ ತೋಟದ ಕೆಲಸ ಸೇರಿ ಅವರ ದಿನದ ಖರ್ಚು ಸುಮಾರು 1,950 ಕ್ಯಾಲೊರಿ. ಅವರು ಊಟವನ್ನು 1,550ಕ್ಕೆ ಇಳಿಸಿದರು. ದಿನಕ್ಕೆ 400ರ ಕೊರತೆ. ಅದನ್ನು ಮೈಯ ಕೊಬ್ಬು ತುಂಬಿಕೊಟ್ಟಿತು, ತೂಕ ಇಳಿಯಿತು. ಏಳು ಕಿಲೋ ಇಳಿದ ಮೇಲೆ ಲೆಕ್ಕ ಮೊದಲಿನಂತೆ ಉಳಿಯಲಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಇಳಿದ ಪ್ರತಿಯೊಂದು ಕಿಲೋಗೂ ದಿನದ ಖರ್ಚು 20ರಿಂದ 30 ಕ್ಯಾಲೊರಿ ಕಡಿಮೆಯಾಗುತ್ತದೆ. ಅದೇ ಒಂದು ಕಿಲೋಗೆ ಹಸಿವು ಮಾತ್ರ ಸುಮಾರು 100 ಕ್ಯಾಲೊರಿಯಷ್ಟು ಹೆಚ್ಚುತ್ತದೆ. ಅಂದರೆ ಈ ತಾಯಿಯ ಖರ್ಚು 1,950ರಿಂದ 1,775ರ ಆಸುಪಾಸಿಗೆ ಬಂತು. ಹಸಿವು ದಿನಕ್ಕೆ 700 ಕ್ಯಾಲೊರಿಯಷ್ಟು ಎಳೆಯತೊಡಗಿತು. ಆ ಹಸಿವಿಗೆ ಪೂರ್ತಿ ಸೋಲದಿದ್ದರೂ ಇಲ್ಲೊಂದು ತುತ್ತು, ಅಲ್ಲೊಂದು ಗುಟುಕು ಸೇರಿ ಊಟ 1,750ಕ್ಕೆ ಏರಿತು. ಜಮೆಯೂ ಖರ್ಚೂ ಸರಿಸಮವಾದವು. ತೂಕ ನಿಂತಿತು. ಇದರಲ್ಲಿ ಮಾಟವೂ ಇಲ್ಲ, ಮೈಯ ದೋಷವೂ ಇಲ್ಲ. ಬರಗಾಲಗಳನ್ನು ದಾಟಿ ಬಂದ ಮನುಷ್ಯನ ಮೈ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ.

ಊಟವನ್ನು ಇನ್ನೂ ಕತ್ತರಿಸಿದರೆ ಏನಾಗುತ್ತದೆ ಎಂಬುದಕ್ಕೂ ಒಂದು ಹಳೆಯ ಪ್ರಯೋಗವಿದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ತರುಣರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟರು. ಅವರೆಲ್ಲ ಆತ್ಮಸಾಕ್ಷಿಯ ಕಾರಣದಿಂದ ಬಂದೂಕು ಹಿಡಿಯಲು ಒಪ್ಪದೆ, ಅದರ ಬದಲು ಈ ಸೇವೆಗೆ ಮುಂದೆ ಬಂದವರು. ಯುದ್ಧದಿಂದ ಹಸಿದ ಯುರೋಪಿನ ಜನರನ್ನು ಮತ್ತೆ ಚೇತರಿಸಿಕೊಳ್ಳುವಂತೆ ಮಾಡುವುದು ಹೇಗೆಂದು ತಿಳಿಯುವುದು ಪ್ರಯೋಗದ ಉದ್ದೇಶವಾಗಿತ್ತು. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಸುಮ್ಮನೆ ಮಲಗಿದ್ದಾಗ ಮೈ ಮಾಡುವ ಖರ್ಚು ನೂರಕ್ಕೆ ಸುಮಾರು 40ರಷ್ಟು ಕುಸಿಯಿತು. ಬಲ ಹೋಯಿತು, ಚಳಿ ಹತ್ತಿತು, ಹಗಲಿರುಳು ಊಟದ್ದೇ ಯೋಚನೆಯಾಯಿತು. ಮತ್ತೆ ಹೊಟ್ಟೆ ತುಂಬ ಉಣ್ಣತೊಡಗಿದಾಗ ಕೊಬ್ಬು ಬೇಗ ಹಿಂದಿರುಗಿತು, ಮಾಂಸಖಂಡ ಹಿಂದಿರುಗಲು ತಡವಾಯಿತು. ಅವರು ತೆಳ್ಳಗಿದ್ದ ತರುಣರು, ನಮ್ಮ ಮಾತು ದಪ್ಪಗಿರುವವರದ್ದು. ಆದರೂ ಪಾಠ ಒಂದೇ ದಿಕ್ಕಿನದು. ತಪಸ್ಸುಕಾಲದಲ್ಲಿ ಒಂದೇ ಹೊತ್ತು ಉಂಡು ನಾಲ್ಕು ಕಿಲೋ ಇಳಿಸಿ, ಪಾಸ್ಕ ಹಬ್ಬದ ಬಿರಿಯಾನಿಯಿಂದ ಆರಂಭಿಸಿ ಪೆಂತೆಕೋಸ್ತಿನ ಹೊತ್ತಿಗೆ ಐದು ಕಿಲೋ ಏರಿಸಿಕೊಳ್ಳುವವರು ಇದ್ದೇ ಇದ್ದಾರೆ. ಉಪವಾಸದ ಉದ್ದೇಶ ಬೇರೆ, ಈ ಪಾಠದ ಉದ್ದೇಶ ಬೇರೆ ಎಂದು ಮಾತ್ರ ಹೇಳಿ ಮುಂದೆ ಹೋಗುತ್ತೇವೆ.

ನಿಜವಾಗಿ ನಿಂತಿದೆಯೇ?

ಎಲ್ಲಕ್ಕಿಂತ ಮೊದಲು ತೂಕ ನಿಜವಾಗಿ ನಿಂತಿದೆಯೇ ಎಂದು ನೋಡಬೇಕು. ಮೊದಲ ವಾರಗಳಲ್ಲಿ ಬೇಗ ಇಳಿಯುವುದರಲ್ಲಿ ಬಹುಪಾಲು ನೀರು. ಮೈಯಲ್ಲಿ ಕೂಡಿಟ್ಟ ಸಕ್ಕರೆಯ ಪ್ರತಿ ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ; ಊಟ ಕಡಿಮೆಯಾದಾಗ ಎರಡೂ ಒಟ್ಟಿಗೆ ಹೋಗುತ್ತವೆ. ಆ ವೇಗವನ್ನೇ ಮುಂದೆಯೂ ನಿರೀಕ್ಷಿಸುವುದು ಸರಿಯಲ್ಲ. ಹಾಗೆಯೇ ಉಪ್ಪಿನಕಾಯಿ ತಿಂದ ಮರುದಿನ, ಹೊಸದಾಗಿ ಭಾರದ ಕೆಲಸ ಮಾಡಿದ ಮರುದಿನ, ಹೆಂಗಸರಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ನೀರು ತುಂಬಿ ಒಂದೆರಡು ಕಿಲೋ ಹೆಚ್ಚು ತೋರಿಸಬಹುದು. ಆದ್ದರಿಂದ ನಾಲ್ಕು ವಾರಕ್ಕೆ ಮುಂಚೆ “ನಿಂತುಹೋಯ್ತು” ಎಂಬ ತೀರ್ಮಾನ ಬೇಡ. ವಾರಕ್ಕೊಮ್ಮೆ, ಬೆಳಿಗ್ಗೆ, ಬರಿಹೊಟ್ಟೆಯಲ್ಲಿ, ಒಂದೇ ತಕ್ಕಡಿಯಲ್ಲಿ ನಿಲ್ಲಿ. ಮಂಡಿಯ ತಕ್ಕಡಿ ಟೊಮೇಟೊಗೆ ಸರಿ, ಅರ್ಧ ಕಿಲೋ ವ್ಯತ್ಯಾಸ ಹುಡುಕುವವರಿಗೆ ಅದು ಬೇಡ.

ತಕ್ಕಡಿಗಿಂತ ನಂಬಬಹುದಾದದ್ದು ದರ್ಜಿಯ ಟೇಪು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆಯದೆ ಅಳೆಯಬೇಕು. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದೆಂದು ವೈದ್ಯರು ಹೇಳುತ್ತಾರೆ. ಪಾಶ್ಚಾತ್ಯರಿಗೆ ಹೇಳುವ ಅಳತೆ ಇದಕ್ಕಿಂತ ದೊಡ್ಡದು. ಇದಕ್ಕೆ ಕಾರಣವಿದೆ. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಎಂಬ ಇಬ್ಬರು ವೈದ್ಯರು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಜೋಡಿ ಚಿತ್ರವನ್ನು ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಅಂಕಿ ಇಬ್ಬರದೂ ಒಂದೇ, 22.3. ಆದರೆ ಇಂಗ್ಲಿಷ್ ವೈದ್ಯರ ಮೈಯಲ್ಲಿ ಕೊಬ್ಬು ನೂರಕ್ಕೆ 9, ನಮ್ಮ ಪುಣೆಯ ವೈದ್ಯರ ಮೈಯಲ್ಲಿ ನೂರಕ್ಕೆ 21. ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಹೆಚ್ಚು, ಮಾಂಸಖಂಡ ಕಡಿಮೆ: ಇದು ನಮ್ಮ ಜನರ ಮೈಕಟ್ಟು. ಹೀಗಿರುವಾಗ ಇರುವ ಸ್ವಲ್ಪ ಮಾಂಸಖಂಡವನ್ನೂ ಹಸಿವಿಗೆ ಬಲಿ ಕೊಡುವುದು ಬುದ್ಧಿವಂತಿಕೆಯಲ್ಲ.

ಜಮಾ ಪುಸ್ತಕ

ನಾಲ್ಕು ವಾರವೂ ಕಳೆದು, ಸೊಂಟದ ಅಳತೆಯೂ ಇಳಿಯದಿದ್ದರೆ ಊಟದ ಲೆಕ್ಕವನ್ನು ಮತ್ತೆ ಬರೆಯಬೇಕು. “ನಾನು ತಿನ್ನೋದೇ ಇಲ್ಲ ಸ್ವಾಮಿ” ಎಂಬ ಮಾತನ್ನು ನಾವು ಗೌರವದಿಂದಲೇ ಕೇಳುತ್ತೇವೆ. 1992ರಲ್ಲಿ ನ್ಯೂಯಾರ್ಕಿನಲ್ಲಿ, ಎಷ್ಟು ಕಡಿಮೆ ಉಂಡರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದ ಹತ್ತು ಜನರನ್ನು ವೈದ್ಯರು ಕೂಲಂಕಷವಾಗಿ ಪರೀಕ್ಷಿಸಿದರು. ಅವರ ಮೈಯ ಖರ್ಚು ಎಲ್ಲರಂತೆಯೇ ಇತ್ತು. ಆದರೆ ತಾವು ಉಂಡದ್ದರಲ್ಲಿ ಸುಮಾರು ಅರ್ಧದಷ್ಟನ್ನು ಅವರು ಲೆಕ್ಕಕ್ಕೆ ತಂದಿರಲಿಲ್ಲ. ಮಾಡಿದ ಕೆಲಸವನ್ನು ಒಂದೂವರೆ ಪಟ್ಟು ಮಾಡಿ ಹೇಳಿದ್ದರು. ಅವರು ಸುಳ್ಳುಗಾರರೆಂದು ನಾವು ಹೇಳುವುದಿಲ್ಲ. ನಿಂತುಕೊಂಡು ತಿಂದದ್ದು, ಮಕ್ಕಳ ತಟ್ಟೆಯಲ್ಲಿ ಮಿಕ್ಕದ್ದು, ರುಚಿ ನೋಡಿದ್ದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ.

ಮೂರು ದಿನ, ಅದರಲ್ಲಿ ಒಂದು ಸಂತೆಯ ದಿನವೋ ಭಾನುವಾರವೋ ಇರಲಿ, ಬಾಯಿಗೆ ಹೋದದ್ದೆಲ್ಲವನ್ನೂ ಬರೆದಿಡಿ. ಬರೆಯಲು ಬಾರದ ತಾಯಂದಿರಿಗೆ ಶಾಲೆಗೆ ಹೋಗುವ ಮಕ್ಕಳು ಬರೆದುಕೊಡಲಿ. ಮಕ್ಕಳಿಗೆ ಇದು ಬಲು ಇಷ್ಟವಾದ ಕೆಲಸ. ಮುದ್ದೆಯನ್ನು ಎಣಿಸಬೇಡಿ, ಹಿಟ್ಟನ್ನು ಅಳೆಯಿರಿ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ ಇದೆ. ಒಂದು ಮನೆಯ ಮುದ್ದೆ ಇನ್ನೊಂದು ಮನೆಯ ಒಂದೂವರೆ ಮುದ್ದೆ. ಎರಡು ಚಮಚ ಸಕ್ಕರೆ ಹಾಕಿದ ಹಾಲಿನ ಟೀ ಒಂದಕ್ಕೆ 80ರಿಂದ 100. ದಿನಕ್ಕೆ ಐದಾದರೆ ಒಂದು ಹೊತ್ತಿನ ಊಟವೇ ಆಯಿತು. ಒಂದು ಹಿಡಿ ಕಡಲೆಕಾಯಿ ಬೀಜ 150ಕ್ಕೂ ಮೇಲೆ. ಕಡಲೆಕಾಯಿ ಒಳ್ಳೆಯ ಆಹಾರವೇ, ಆದರೆ ಸುಲಿಯುತ್ತಾ ಕುಳಿತವರು ಒಂದೇ ಹಿಡಿಗೆ ಏಳುವುದಿಲ್ಲ. ಎಣ್ಣೆಯ ಲೆಕ್ಕಕ್ಕೆ ಸುಲಭದ ದಾರಿಯಿದೆ: ತಿಂಗಳಿಗೆ ಮನೆಗೆ ತಂದ ಎಣ್ಣೆಯನ್ನು ತಲೆಗಳಿಂದ ಭಾಗಿಸಿ. ತಲಾ ಒಂದು ಲೀಟರ್ ಬಂದರೆ ದಿನಕ್ಕೆ 270 ಕ್ಯಾಲೊರಿ ಬರೀ ಎಣ್ಣೆಯಿಂದ. ಅದನ್ನು ಮುಕ್ಕಾಲು ಲೀಟರಿಗೆ, ಆಮೇಲೆ ಅರ್ಧಕ್ಕೆ ತಂದರೆ ಸಾರಿನ ರುಚಿ ಕೆಡುವುದಿಲ್ಲ. ಇನ್ನು ಕೆಲವು ಗಂಡಸರ ಪುಸ್ತಕದಲ್ಲಿ ಒಂದು ಸಾಲು ಯಾವಾಗಲೂ ಖಾಲಿ ಇರುತ್ತದೆ. ಒಂದು ಕ್ವಾರ್ಟರ್ ಬ್ರಾಂದಿಯಲ್ಲಿ 400ಕ್ಕೂ ಮಿಕ್ಕಿ ಕ್ಯಾಲೊರಿ ಇದೆ, ಒಂದು ಮುದ್ದೆಗಿಂತ ಹೆಚ್ಚು. ಜೊತೆಗೆ ನಂಚಿಕೊಂಡ ಕರಿದ ಮಾಂಸದ್ದು ಬೇರೆ. ಅಂಥವರಿಗೆ ತೂಕ ಏಕೆ ನಿಂತಿತೆಂದು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಬರೆದರೆ ದಿನಕ್ಕೆ 150ರಿಂದ 200 ಕ್ಯಾಲೊರಿ ಎಲ್ಲಿಂದ ಕಡಿಯಬಹುದೆಂದು ತಾನೇ ಕಾಣುತ್ತದೆ. ಅಷ್ಟೇ ಸಾಕು, ಇನ್ನೂ ಹೆಚ್ಚು ಬೇಡ. ಆದರೆ ಕಡಿಯುವಾಗ ಯಾವುದನ್ನು ಮುಟ್ಟಬಾರದು ಎಂಬುದು ಮುಖ್ಯ. ಊಟ ಕಡಿಮೆ ಮಾಡುವವರು ಸಾಮಾನ್ಯವಾಗಿ ಕಾಳು, ಮೊಟ್ಟೆ, ಹಾಲನ್ನು ಬಿಟ್ಟು ತಿಳಿಸಾರಿನಲ್ಲಿ ಅನ್ನ ಉಣ್ಣುತ್ತಾರೆ. ಇದು ತಲೆಕೆಳಗಾದ ಪಥ್ಯ. ಮಾಂಸಖಂಡ ಉಳಿಯಬೇಕಾದರೆ ಸಸಾರಜನಕ, ಅಂದರೆ ಪ್ರೋಟೀನ್, ಬೇಕು. ಸಾಮಾನ್ಯರಿಗೆ ಮೈತೂಕದ ಪ್ರತಿ ಕಿಲೋಗೆ 0.83 ಗ್ರಾಂ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಹೇಳುತ್ತದೆ. ತೂಕ ಇಳಿಸುವವರಿಗೂ ವಯಸ್ಸಾದವರಿಗೂ ಒಂದು ಗ್ರಾಂ, ಅದಕ್ಕೂ ಸ್ವಲ್ಪ ಹೆಚ್ಚು ಇರಲಿ ಎಂಬುದು ಅನೇಕ ತಜ್ಞರ ಮಾತು. 65 ಕಿಲೋ ತೂಕದವರಿಗೆ ಕನಿಷ್ಠ 54 ಗ್ರಾಂ, ಸಾಧ್ಯವಾದರೆ 65 ಗ್ರಾಂ.

ಇದಕ್ಕೆ ಡಬ್ಬಿಯ ಪುಡಿ ಕೊಳ್ಳಬೇಕಾಗಿಲ್ಲ. ನಮ್ಮ ಹೊಲದಲ್ಲೇ ಇದೆ. ಹುರುಳಿ ನೂರು ಗ್ರಾಮಿಗೆ ಸುಮಾರು 22 ಗ್ರಾಂ ಸಸಾರಜನಕ ಕೊಡುತ್ತದೆ. ಎತ್ತಿಗೆ ಬೇಯಿಸಿ ಹಾಕುತ್ತಿದ್ದರೆಂದು ಅದನ್ನು ಕೀಳಾಗಿ ಕಾಣುವವರಿದ್ದಾರೆ. ಎತ್ತಿಗೆ ಏಕೆ ಹಾಕುತ್ತಿದ್ದರು ಎಂದು ಒಮ್ಮೆ ಯೋಚಿಸಲಿ. 40 ಗ್ರಾಂ ಹುರುಳಿ ಮೊಳಕೆ ಕಟ್ಟಿದರೆ ಒಂಬತ್ತು ಗ್ರಾಂ, ಅಷ್ಟೇ ತೂಕದ ಅವರೆಬೇಳೆಯಿಂದಲೋ ತೊಗರಿಯಿಂದಲೋ ಇನ್ನೊಂದು ಒಂಬತ್ತು, ಎರಡು ಮೊಟ್ಟೆಯಿಂದ ಹನ್ನೆರಡು, ದಿನಕ್ಕೆ ಒಂದೂವರೆ ಲೋಟ ಹಾಲು ಮೊಸರಿನಿಂದ ಹತ್ತು, ಎರಡು ಮುದ್ದೆಯ ರಾಗಿಯಿಂದ ಹದಿನಾಲ್ಕು. ಒಟ್ಟು 54. ಇನ್ನೊಂದು ಹಿಡಿ ಕಾಳು ಸೇರಿಸಿದರೆ ಮೇಲಿನ ಲೆಕ್ಕವೂ ಹತ್ತಿರ ಬರುತ್ತದೆ. ಇದೆಲ್ಲವನ್ನೂ ಒಂದೇ ಹೊತ್ತಿಗೆ ಉಣ್ಣದೆ ಮೂರು ಹೊತ್ತಿಗೂ ಹಂಚಿಕೊಳ್ಳಿ. ಹಾಲೆಲ್ಲವನ್ನೂ ಡೇರಿಗೆ ಹಾಕಿ, ಮೊಟ್ಟೆಯೆಲ್ಲವನ್ನೂ ಅಂಗಡಿಗೆ ಕೊಟ್ಟು, ಆ ದುಡ್ಡಿನಲ್ಲಿ ಬಿಸ್ಕತ್ತು ತರುವ ಪದ್ಧತಿ ನಮಗೆ ಯಾವ ಕೋನದಿಂದ ನೋಡಿದರೂ ಲಾಭದಾಯಕವಾಗಿ ಕಾಣುವುದಿಲ್ಲ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಸಸಾರಜನಕ ಹೆಚ್ಚಿಸಬಾರದು.

ಮೈ ಬಿಗಿಯಾಗುವುದು ಹೇಗೆ?

ತೂಕ ಇಳಿದವರ ಇನ್ನೊಂದು ದೂರು: ಮೈ ಜೋಲುಬಿದ್ದಿದೆ, ತೋಳು ಅಲುಗಾಡುತ್ತದೆ, ಹೊಟ್ಟೆ ಮಾತ್ರ ಹಾಗೇ ಇದೆ. ಹೊಟ್ಟೆ ಕರಗಿಸಲು ಹೊಟ್ಟೆಯದೇ ವ್ಯಾಯಾಮ, ತೋಳಿಗೆ ತೋಳಿನದೇ ಎಂಬ ನಂಬಿಕೆ ಬಲವಾಗಿದೆ. 1971ರಲ್ಲಿ ಅಮೆರಿಕದ ವೈದ್ಯರು ಟೆನಿಸ್ ಆಟಗಾರರ ಎರಡೂ ತೋಳುಗಳನ್ನು ಅಳೆದು ನೋಡಿದರು. ವರ್ಷಾನುಗಟ್ಟಲೆ ಬ್ಯಾಟು ಬೀಸಿದ ತೋಳಿನಲ್ಲಿ ಮಾಂಸಖಂಡ ದಪ್ಪವಾಗಿತ್ತು. ಆದರೆ ಚರ್ಮದ ಕೆಳಗಿನ ಕೊಬ್ಬು ಎರಡೂ ತೋಳಿನಲ್ಲಿ ಒಂದೇ ಸಮನಾಗಿತ್ತು. ಕುಡುಗೋಲು ಹಿಡಿಯುವ ನಮ್ಮ ಕೈಯಲ್ಲೂ ಹೀಗೆಯೇ. ಕೊಬ್ಬು ಇಡೀ ಮೈಯಿಂದ ತನಗೆ ತೋಚಿದ ಕ್ರಮದಲ್ಲಿ ಹೋಗುತ್ತದೆ. ಮಾಂಸಖಂಡ ಮಾತ್ರ ನಾವು ದುಡಿಸಿದ ಕಡೆ ಬೆಳೆಯುತ್ತದೆ. ಮೈ ಬಿಗಿಯಾಗುವುದೆಂದರೆ ಈ ಎರಡೂ ಒಟ್ಟಿಗೆ ನಡೆಯುವುದು, ಅಷ್ಟೇ.

“ಬೆಳಗಿನಿಂದ ಸಂಜೆವರೆಗೆ ಹೊಲದಲ್ಲಿ ಬಗ್ಗಿರ್ತೀವಿ, ನಮಗೆಂಥ ವ್ಯಾಯಾಮ?” ಎಂದು ಕೇಳುವವರಿಗೆ ಉತ್ತರ ಕೊಡಬೇಕು. ಕಳೆ ಕೀಳುವುದು, ಗುಲಾಬಿ ಕೊಯ್ಯುವುದು, ಹಿಪ್ಪುನೇರಳೆ ಸೊಪ್ಪು ಬಿಡಿಸುವುದು ಮೈಯನ್ನು ದಣಿಸುತ್ತದೆ, ಆದರೆ ಮೈಗೆ ಅದು ರೂಢಿಯಾಗಿಹೋಗಿದೆ. ರೂಢಿಯಾದ ಕೆಲಸ ಎಷ್ಟು ಹೊತ್ತು ಮಾಡಿದರೂ ಹೊಸ ಮಾಂಸಖಂಡ ಹುಟ್ಟದು. ಭಾರ ಸ್ವಲ್ಪ ಸ್ವಲ್ಪವಾಗಿ ಏರಬೇಕು. ಪ್ರಾಚೀನ ಗ್ರೀಸಿನ ಮಿಲೋ ಎಂಬ ಜಟ್ಟಿಯ ಬಗ್ಗೆ ಒಂದು ಕಥೆಯಿದೆ. ಅವನು ಒಂದು ಎಳೆಗರುವನ್ನು ದಿನವೂ ಹೆಗಲ ಮೇಲೆ ಹೊರುತ್ತಿದ್ದನಂತೆ. ಕರು ಬೆಳೆದಂತೆ ಅವನ ಬಲವೂ ಬೆಳೆದು, ಕೊನೆಗೆ ಹೋರಿಯನ್ನೇ ಹೊತ್ತನಂತೆ. ಹೋರಿಯ ಮಾತು ಕಥೆಗಾರರಿಗೆ ಬಿಡೋಣ. ಕರುವಿನ ಮಾತು ನಿಜ. ನಮ್ಮ ಗರಡಿ ಮನೆಗಳಲ್ಲೂ ಇದೇ ಕ್ರಮದಲ್ಲಿ ಬಸ್ಕಿ, ದಂಡ ಹೊಡೆಸುತ್ತಿದ್ದರು, ಗುಂಡುಕಲ್ಲು ಎತ್ತಿಸುತ್ತಿದ್ದರು.

ವಾರದಲ್ಲಿ ಎರಡು ಅಥವಾ ಮೂರು ದಿನ, ಅರ್ಧ ಗಂಟೆ ಸಾಕು. ಮಂಚದ ಅಂಚಿನಲ್ಲಿ ಕುಳಿತು, ಕೈ ಊರದೆ ಎದ್ದು ನಿಂತು, ಮತ್ತೆ ನಿಧಾನವಾಗಿ ಕುಳಿತುಕೊಳ್ಳಿ. ಇದೇ ಬಸ್ಕಿಯ ಮೊದಲ ಪಾಠ. ತೊಡೆಗೆ ಇದಕ್ಕಿಂತ ಒಳ್ಳೆಯದಿಲ್ಲ. ಗೋಡೆಗೆ ಎರಡು ಕೈ ಊರಿ ಎದೆಯನ್ನು ಗೋಡೆಯ ಹತ್ತಿರ ತಂದು ಹಿಂದೆ ತಳ್ಳಿ. ಅದು ಸುಲಭವಾದ ಮೇಲೆ ಗೋಡೆಯ ಬದಲು ಜಗಲಿಗೆ ಕೈ ಊರಿ. ಅರ್ಧ ತುಂಬಿದ ಬಕೆಟ್ಟನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಜಗಲಿಗೆ ಊರಿ ಬಗ್ಗಿ, ಬಕೆಟ್ಟನ್ನು ಸೊಂಟದವರೆಗೆ ಎಳೆಯಿರಿ. ಬೆನ್ನಿನ ಮೇಲ್ಭಾಗಕ್ಕೆ, ತೋಳಿಗೆ ಇದು. ನೆಲದ ಮೇಲಿನ ಬಿಂದಿಗೆಯನ್ನು ಬೆನ್ನು ನೇರವಾಗಿಟ್ಟು, ಮೊಣಕಾಲು ಮಡಿಸಿ, ಮೈಗೆ ಹತ್ತಿರ ಹಿಡಿದು ಎತ್ತಿ ಇಳಿಸಿ. ಕೊನೆಗೆ ಎರಡು ಕೈಯಲ್ಲಿ ಎರಡು ಬಕೆಟ್ ಹಿಡಿದು ನೆಟ್ಟಗೆ ಅಂಗಳದಲ್ಲಿ ನಾಲ್ಕು ಸುತ್ತು ನಡೆಯಿರಿ. ಒಂದೊಂದನ್ನೂ ಹತ್ತು ಹನ್ನೆರಡು ಸಲ, ನಡುವೆ ದಣಿವಾರಿಸಿಕೊಂಡು ಎರಡು ಮೂರು ಆವರ್ತಿ. ಕೊನೆಯ ಎರಡು ಸಲ ಕಷ್ಟವೆನಿಸಬೇಕು. ಹನ್ನೆರಡೂ ಸಲೀಸಾಗಿ ಬಂದರೆ ಬಕೆಟ್ಟಿಗೆ ಇನ್ನೊಂದು ಲೀಟರ್ ನೀರು ಹಾಕುವ ಕಾಲ ಬಂತೆಂದು ತಿಳಿಯಿರಿ. ಉಸಿರು ಹಿಡಿಯಬೇಡಿ, ಎತ್ತುವಾಗ ಬಿಡಿ. ರಕ್ತದೊತ್ತಡ ಹಿಡಿತದಲ್ಲಿಲ್ಲದವರು, ಅಂಡವಾಯು ಇರುವವರು, ಗರ್ಭಕೋಶ ಜಾರಿದ ತಾಯಂದಿರು ಭಾರ ಎತ್ತುವ ಮುಂಚೆ ವೈದ್ಯರಿಗೆ ತೋರಿಸಲೇಬೇಕು. ಈ ಕೊನೆಯ ತೊಂದರೆಯನ್ನು ನಾಚಿಕೆಯಿಂದ ವರ್ಷಗಟ್ಟಲೆ ಮುಚ್ಚಿಟ್ಟುಕೊಳ್ಳುವ ಹೆಂಗಸರು ಹಳ್ಳಿಗಳಲ್ಲಿ ಬಹಳ ಮಂದಿ. ಮನೆಯ ಗಂಡಸರು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ನಡಿಗೆಯನ್ನು ಬಿಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇಷ್ಟು: ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂಥ ಕೆಲಸ, ಅದರ ಜೊತೆಗೆ ಎರಡು ದಿನವಾದರೂ ಮಾಂಸಖಂಡಕ್ಕೆ ಭಾರ. ನಮ್ಮವರು ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಡುತ್ತಾರೆ. ಇನ್ನೊಂದು ಸಂಗತಿಯನ್ನೂ ಗಮನಿಸಿ: ಬೆಳಿಗ್ಗೆ ಒಂದು ಗಂಟೆ ನಡೆದವರು ಉಳಿದ ಹೊತ್ತೆಲ್ಲ ಟಿ.ವಿ. ಮುಂದೆಯೋ ಫೋನ್ ಹಿಡಿದೋ ಕುಳಿತರೆ ಲೆಕ್ಕ ಅಲ್ಲಿಗೇ ಸರಿಹೋಗುತ್ತದೆ.

ಮಾಂಸಖಂಡ ಬೆಳೆದರೆ ಮಲಗಿದ್ದಲ್ಲೇ ಕೊಬ್ಬು ಉರಿದುಹೋಗುತ್ತದೆಂದು ಜಾಹೀರಾತುಗಳು ಹೇಳುತ್ತವೆ. ಅದು ಉತ್ಪ್ರೇಕ್ಷೆ. ಒಂದು ಕಿಲೋ ಮಾಂಸಖಂಡ ಸುಮ್ಮನಿದ್ದಾಗ ದಿನಕ್ಕೆ ಸುಮಾರು 13 ಕ್ಯಾಲೊರಿ ಮಾತ್ರ ಬಳಸುತ್ತದೆ. ಅದರ ನಿಜವಾದ ಉಪಯೋಗ ಬೇರೆ. ಉಂಡ ಮೇಲೆ ರಕ್ತಕ್ಕೆ ಬಂದ ಸಕ್ಕರೆಯನ್ನು ತುಂಬಿಟ್ಟುಕೊಳ್ಳುವ ದೊಡ್ಡ ಕಣಜವೇ ಮಾಂಸಖಂಡ. ಕಣಜ ದೊಡ್ಡದಿದ್ದು, ಅದನ್ನು ಆಗಾಗ ಖಾಲಿ ಮಾಡುತ್ತಿದ್ದರೆ ಸಕ್ಕರೆ ರಕ್ತದಲ್ಲಿ ನಿಲ್ಲುವುದಿಲ್ಲ.

ತೂಕ ನಿಂತರೂ ಫಲ ನಿಲ್ಲದು

ಈ ಮಾತಿಗೆ ನಮ್ಮ ರಾಜ್ಯದಲ್ಲೇ ಪುರಾವೆಯಿದೆ. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಮೂರು ವರ್ಷ ಗಮನಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಾವ ವಿಶೇಷ ಸಲಹೆಯೂ ಇಲ್ಲದವರಲ್ಲಿ ನೂರಕ್ಕೆ 55 ಮಂದಿಗೆ ಕಾಯಿಲೆ ಬಂತು. ಊಟ ತಿದ್ದಿಕೊಂಡು ನಡಿಗೆ ಹೆಚ್ಚಿಸಿಕೊಂಡವರಲ್ಲಿ 39 ಮಂದಿಗೆ ಮಾತ್ರ. ವಿಶೇಷವೆಂದರೆ, ಹೀಗೆ ಪಾರಾದವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲೇ ಇಲ್ಲ! ತಕ್ಕಡಿ ಏನೂ ತೋರಿಸದಿದ್ದರೂ ಮೈಯೊಳಗೆ ಕೆಲಸ ನಡೆದಿತ್ತು. “ತೂಕವೇ ಇಳೀಲಿಲ್ಲ, ನಡೆದು ಏನು ಪ್ರಯೋಜನ” ಎಂದು ನಿಲುಗಡೆಯ ತಿಂಗಳಲ್ಲಿ ಎಲ್ಲವನ್ನೂ ಬಿಟ್ಟುಬಿಡುವವರು ಬಿಡುತ್ತಿರುವುದು ಇದನ್ನು.

ಆದ್ದರಿಂದ 74ರಿಂದ 67ಕ್ಕೆ ಬಂದು ನಿಂತ ಆ ತಾಯಿ ಮುಂದಿನ ಮೂರು ತಿಂಗಳು ತೂಕ ಏರದಂತೆ ನೋಡಿಕೊಂಡು ಬಲವನ್ನು ಬೆಳೆಸಿಕೊಂಡರೆ, ನಮ್ಮ ಲೆಕ್ಕದಲ್ಲಿ ಅದು ಸೋಲಲ್ಲ. ಆಮೇಲೆ ಬೇಕಾದರೆ ಇನ್ನೆರಡು ಮೂರು ಕಿಲೋಗೆ ಪ್ರಯತ್ನಿಸಬಹುದು. ಅರವತ್ತೈದು ದಾಟಿದವರಿಗೆ ನಾವು ತೂಕ ಇಳಿಸುವ ಮಾತನ್ನೇ ಹೆಚ್ಚು ಹೇಳುವುದಿಲ್ಲ. ಆ ವಯಸ್ಸಿನಲ್ಲಿ ಬಿದ್ದು ಸೊಂಟ ಮುರಿದುಕೊಳ್ಳದಿರುವುದು ದೊಡ್ಡದು, ಅದಕ್ಕೆ ತೊಡೆಯ ಬಲವೇ ಆಧಾರ.

ಕೊನೆಯದಾಗಿ ಎರಡು ಎಚ್ಚರಿಕೆ. ಸಕ್ಕರೆ ಕಾಯಿಲೆಗೆ ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ತೂಕ ನಿಂತಿತೆಂದು ಒಂದು ಹೊತ್ತಿನ ಊಟ ಬಿಟ್ಟರೆ ರಕ್ತದ ಸಕ್ಕರೆ ದಿಢೀರನೆ ಕುಸಿಯಬಹುದು. ಬೆವರು, ನಡುಕ, ಕಣ್ಣುಕತ್ತಲೆ ಅದರ ಗುರುತು. ತೋಟದಲ್ಲಿ ಒಬ್ಬರೇ ಇರುವಾಗ ಹೀಗಾದರೆ ಪ್ರಾಣಕ್ಕೇ ಅಪಾಯ. ಕೂಡಲೇ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಯಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ತೂಕ ಇಳಿದಂತೆ ಮಾತ್ರೆಯ ಪ್ರಮಾಣವನ್ನೂ ಇಳಿಸಬೇಕಾಗಬಹುದು, ಆದರೆ ಅದನ್ನು ವೈದ್ಯರೇ ಮಾಡಬೇಕು. ಎರಡನೆಯದು, ಊಟ, ಭಾರ, ನಡಿಗೆ ಎಲ್ಲವೂ ಸರಿಯಿದ್ದು ಮೂರು ತಿಂಗಳಾದರೂ ಸೊಂಟದ ಅಳತೆ ಕದಲದಿದ್ದರೆ, ಅಥವಾ ಜೊತೆಗೆ ಸುಸ್ತು, ಮಲಬದ್ಧತೆ, ಕೂದಲುದುರುವುದು ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಈಗ ತೂಕಕ್ಕೆ ಚುಚ್ಚುಮದ್ದುಗಳೂ ಬಂದಿವೆ. ಅವು ಕೆಲಸ ಮಾಡುತ್ತವೆ, ಆದರೆ ಅವುಗಳಲ್ಲೂ ಒಂದು ಹಂತಕ್ಕೆ ತೂಕ ನಿಲ್ಲುತ್ತದೆ, ಮಾಂಸಖಂಡವೂ ಸ್ವಲ್ಪ ಹೋಗುತ್ತದೆ. ವೈದ್ಯರ ಚೀಟಿಯಿಲ್ಲದೆ ಅವುಗಳ ಹತ್ತಿರ ಹೋಗಬೇಡಿ. ಪರೀಕ್ಷೆಗೆ ಹೋಗುವಾಗ ಮೂರು ದಿನದ ಊಟ ಬರೆದ ಆ ಪುಸ್ತಕವನ್ನೂ, ಸೊಂಟದ ಅಳತೆಯನ್ನೂ, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಖಾಲಿ ಪಟ್ಟಿಗಳನ್ನೂ ಚೀಲದಲ್ಲಿ ಇಟ್ಟುಕೊಂಡು ಹೋಗಿ.